ಈ ವರ್ಷ ಹೊಸದೇನೂ ಓದಲಿಲ್ಲ, ಹಳೆಯದನ್ನೇ ಮತ್ತೆ ಓದಿದೆ. ನೀವು ಮತ್ತೆ ಮತ್ತೆ ತೆರೆಯುವ ಪುಸ್ತಕ ಯಾವುದು?

ಹಳೇಪುಟ

ಎಲ್ಲರಿಗೂ ನಮಸ್ಕಾರ. ವರ್ಷ ಮುಗಿಯುತ್ತಾ ಬಂತು. ಎಷ್ಟು ಓದಿದೆವು ಅಂತ ಎಲ್ಲರೂ ಪಟ್ಟಿ ಹಾಕುತ್ತಿದ್ದೀರಿ. 50, 70 ಅಂತ ನೋಡಿ ಖುಷಿಯಾಯಿತು. ನನ್ನ ಲೆಕ್ಕ 11. ಆ ಹನ್ನೊಂದೂ ಮೊದಲೇ ಓದಿದ್ದವು.

ಜನವರಿಯಲ್ಲಿ ಮನೆ ಬದಲಾಯಿಸಿದೆವು. ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬುವಾಗ ಒಂದೊಂದನ್ನೇ ಕೈಗೆತ್ತಿಕೊಂಡು, ಇದರಲ್ಲಿ ಏನಿತ್ತು ಅಂತ ನನ್ನನ್ನೇ ಕೇಳಿಕೊಂಡೆ. ಅರ್ಧಕ್ಕರ್ಧ ಹೇಳಲು ಆಗಲಿಲ್ಲ. ಹೆಸರು ಗೊತ್ತು, ಮುಖಪುಟ ಗೊತ್ತು, ಓದಿದ್ದೇನೆ ಅನ್ನುವುದೂ ಗೊತ್ತು. ಒಳಗಿದ್ದ ಜನ ಮಾತ್ರ ಎಲ್ಲೋ ಹೋಗಿಬಿಟ್ಟಿದ್ದರು. ಮನಸ್ಸಿಗೆ ತುಂಬಾ ಬೇಸರವಾಯಿತು. ಈ ವರ್ಷ ಹೊಸ ಪುಸ್ತಕ ತರುವುದಿಲ್ಲ, ಇರುವುದನ್ನೇ ನಿಧಾನವಾಗಿ ಓದುತ್ತೇನೆ ಅಂತ ಅವತ್ತೇ ತೀರ್ಮಾನ ಮಾಡಿದೆ.

ನನಗೊಂದು ಅಭ್ಯಾಸ ಇದೆ. ಪುಸ್ತಕ ಮುಗಿದ ದಿನ ಕೊನೆಯ ಪುಟದಲ್ಲಿ ಪೆನ್ಸಿಲ್‌ನಿಂದ ತಾರೀಖು, ಊರು ಬರೆಯುತ್ತೇನೆ. ನನ್ನ 'ಬೆಟ್ಟದ ಜೀವ'ದ ಹಿಂದೆ "17-5-1996, ಅರಸೀಕೆರೆ ಸ್ಟೇಷನ್" ಅಂತಿದೆ. ರೈಲು ತಡವಾಗಿತ್ತು, ಬೆಂಚಿನ ಮೇಲೆ ಕೂತೇ ಮುಗಿಸಿದ್ದೆ. ಆಗ ನನಗೆ 19. ಊರು ಬಿಟ್ಟು ಹೋದರೆ ಸಾಕು ಅನ್ನುವ ವಯಸ್ಸು. ಮನೆ ಬಿಟ್ಟು ಹೋದ ಮಗ ಶಂಭುವಿನ ಮಾತು ಬರುವ ಒಂದು ಕಡೆ ಅಂಚಿನಲ್ಲಿ "ಹೋಗಿದ್ದೇ ಸರಿ" ಅಂತ ಬರೆದಿದ್ದೇನೆ. ಅಕ್ಷರ ಎಷ್ಟು ಒತ್ತಿ ಬರೆದಿದ್ದೇನೆಂದರೆ ಹಿಂದಿನ ಪುಟದಲ್ಲೂ ಗೀರು ಎದ್ದಿದೆ.

ಈಗ ನನ್ನ ಮಗ ಪುಣೆಯಲ್ಲಿದ್ದಾನೆ. ಕೆಲಸ ಸಿಕ್ಕಿ ಎರಡು ವರ್ಷವಾಯಿತು. ದಾರಿ ತಪ್ಪಿ ಬಂದ ಅತಿಥಿಯನ್ನು ಶಂಭುವಿನ ಅಪ್ಪ ಗೋಪಾಲಯ್ಯ ಇವತ್ತು ಬೇಡ, ನಾಳೆ ಹೋಗಿ ಅಂತ ನಿಲ್ಲಿಸಿಕೊಳ್ಳುತ್ತಲೇ ಇರುತ್ತಾರೆ, ನೆನಪಿದೆಯಾ? 1996ರಲ್ಲಿ ಅದು ಹಳ್ಳಿಯವರ ಉಪಚಾರ ಅಂದುಕೊಂಡು ಮುಂದೆ ಹೋಗಿದ್ದೆ. ಈ ಸಲ ಅಲ್ಲಿಂದ ಮುಂದಕ್ಕೆ ಹೋಗಲಿಕ್ಕೇ ಆಗಲಿಲ್ಲ. ಆ ದೊಡ್ಡ ಮನೆ, ಆ ತೋಟ, ಊಟಕ್ಕೆ ಕೂರುವವರು ಇಬ್ಬರೇ. ಎದುರಿಗೆ ಮಗನ ವಯಸ್ಸಿನವನು ಒಬ್ಬ ಬಂದು ಕೂತಿದ್ದಾನೆ, ಇನ್ನೊಂದು ಹೊತ್ತು ಇರಲಿ ಅಂತ ಅವರ ಆಸೆ. ಅಂಚಿನಲ್ಲಿ ಬರೆದಿದ್ದನ್ನು ನಾನು ಅಳಿಸಲಿಲ್ಲ. ಅವತ್ತು ನನಗೆ ಹಾಗೇ ಅನಿಸಿತ್ತಲ್ಲ.

ಕಾರಂತರು ಇದನ್ನು 1943ರಲ್ಲಿ ಬರೆದಿದ್ದಾರೆ. ಎಷ್ಟು ತೆಳ್ಳಗಿನ ಪುಸ್ತಕ! ಒಂದು ಭಾನುವಾರ ಸಾಕು.

ಇನ್ನೊಂದು, ಭೈರಪ್ಪನವರ 'ಗೃಹಭಂಗ'. ಇದು ಅಮ್ಮನ ಪ್ರತಿ. ನಮ್ಮದು ತಿಪಟೂರು ಕಡೆ. ಕಾದಂಬರಿ ನಡೆಯುವುದೂ ಆ ಸೀಮೆಯಲ್ಲೇ. ಹಾಗಾಗಿ ಅದರ ಮಾತು, ಬೈಗುಳ ಎಲ್ಲ ನಮ್ಮ ಮನೆಯದೇ ಅನಿಸುತ್ತದೆ. ಪ್ಲೇಗು ಬರುವ ಭಾಗದ ಕೆಲವು ಹಾಳೆಗಳನ್ನು ಒಟ್ಟಿಗೆ ಸೇರಿಸಿ ಒಂದು ಹೇರ್‌ಪಿನ್ ಸಿಕ್ಕಿಸಿದ್ದಾರೆ. ಕಪ್ಪು ಪಿನ್ನು. ತುಕ್ಕು ಹಿಡಿದು ಹಾಳೆಯ ಮೇಲೆ ಕಂದು ಗೆರೆ ಬಿದ್ದಿದೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಅದನ್ನು ತೆಗೆದು ಓದಿ ಮತ್ತೆ ಹಾಗೇ ಸಿಕ್ಕಿಸಿ ಇಡುತ್ತೇನೆ.

ನಿಮ್ಮದು ಯಾವ ಪುಸ್ತಕ? ಎರಡನೇ ಸಲ ಓದಿದಾಗ ಬೇರೆಯಾಗಿ ಕಂಡಿತಾ? ದಯವಿಟ್ಟು ಬರೆಯಿರಿ.

ತುಂಗೆಯ ದಡ

ನನ್ನದು ಒಂದೇ. 'ಮಲೆಗಳಲ್ಲಿ ಮದುಮಗಳು'. ಪ್ರತಿ ಮಳೆಗಾಲ.

ಇದನ್ನು ಅರ್ಧಕ್ಕೆ ಬಿಟ್ಟವರು ತುಂಬಾ ಜನ ಇದ್ದಾರೆ. ನಾನೂ ಮೂರು ಸಲ ಬಿಟ್ಟಿದ್ದೆ. 50-60 ಪುಟ ಆಗುವಷ್ಟರಲ್ಲಿ ಯಾವ ಗೌಡರು ಯಾವ ಮನೆಯವರು, ಸಿಂಬಾವಿ ಎಲ್ಲಿ, ಹಳೆಮನೆ ಎಲ್ಲಿ, ಯಾರು ಯಾರ ಜೀತದಾಳು ಅಂತ ಗೊಂದಲ. ನಾಲ್ಕನೇ ಸಲ ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಂದೆ. ಮನೆಗಳನ್ನು ಚೌಕವಾಗಿ ಹಾಕಿದೆ, ನಡುವೆ ಕಾಲುದಾರಿ ಎಳೆದೆ. ಹೊಸಬರು ಬಂದ ಹಾಗೆಲ್ಲ ಅವರ ಮನೆಯ ಚೌಕದಲ್ಲಿ ಹೆಸರು ಬರೆದೆ. ನೂರು ಪುಟ ಆದಮೇಲೆ ಆ ಶೀಟ್ ನೋಡುವ ಅಗತ್ಯವೇ ಬೀಳಲಿಲ್ಲ. ಮೊದಲ ಸಲ ಓದುವವರಿಗೆ ನಾನು ಹೇಳುವುದು ಇಷ್ಟೇ. ದಿನಕ್ಕೆ 10 ಪುಟ, ಜಾಸ್ತಿ ಬೇಡ. ಕತೆ ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕಬೇಡಿ. ಕತೆಯಲ್ಲಿ ಗುತ್ತಿಯ ಹಿಂದೆ ಅವನ ನಾಯಿ ಹುಲಿಯ ಹೋದ ಹಾಗೆ ಸುಮ್ನೆ ಹಿಂದೆ ಹೋಗಿ.

ಹುಲಿಯನ ವಿಷಯ ಬಂತಲ್ಲ. ಮೊದಲ ಓದಿನಲ್ಲಿ ನಾನು ಐತ-ಪೀಂಚಲು ಜೋಡಿಗೆ ಮನಸೋತಿದ್ದೆ. ಆ ಬಡತನದಲ್ಲಿ ಅವರಿಬ್ಬರ ಚೇಷ್ಟೆ, ಪ್ರೀತಿ! ಈಗ ಓದುವಾಗ ಶುರುವಿನಿಂದಲೇ ಹುಲಿಯನ ಮೇಲೇ ಕಣ್ಣು. ಕೊನೆಯಲ್ಲಿ ಏನಾಗುತ್ತದೆ ಅಂತ ಗೊತ್ತಿದೆಯಲ್ಲ. ತುಂಬಿದ ತುಂಗೆ, ದೋಣಿ, ನಾಯಿ. ಗೊತ್ತಿದ್ದೂ ಪ್ರತಿ ವರ್ಷ ಆ ಪುಟಕ್ಕೆ ಬಂದಾಗ ಪುಸ್ತಕ ಮಡಚಿ ಹೊರಗೆ ಹೋಗಿ ನಿಂತುಕೊಳ್ಳುತ್ತೇನೆ. ನಮ್ಮ ಮನೆಯಿಂದ ಹೊಳೆ ಕಾಣುತ್ತದೆ. ಜುಲೈ ತಿಂಗಳಲ್ಲಿ ಅದರ ಬಣ್ಣ ನೋಡಿದವರಿಗೆ ಕುವೆಂಪು ಏನು ಬರೆದಿದ್ದಾರೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಸವಲಿಂಗಯ್ಯನವರು ಇದನ್ನು ರಂಗಕ್ಕೆ ತಂದರಲ್ಲ, ರಾತ್ರಿಯಿಡೀ 9 ಗಂಟೆಯ ನಾಟಕ, ಅದನ್ನೂ ನೋಡಿದ್ದೇನೆ. ಬೆಳಗಿನ ಜಾವ ಚಳಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಜನ ಕೊನೆಯವರೆಗೂ ಕದಲಲಿಲ್ಲ.

ರಾತ್ರಿಪಾಳಿ

ಒಂದು ಪ್ರಶ್ನೆ ಕೇಳಬಹುದಾ? ನಾನು ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ರಾತ್ರಿ ಕೆಲಸ ಮಾಡುತ್ತೇನೆ. ಮನೆಗೆ ಬಂದರೆ ಕಣ್ಣು ಉರಿಯುತ್ತದೆ, ಪುಸ್ತಕ ಹಿಡಿಯಲು ಆಗುವುದಿಲ್ಲ. ಹಾಗಾಗಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡ ಆಡಿಯೊ ಪುಸ್ತಕ ಕೇಳುತ್ತೇನೆ. ಈ ವರ್ಷ 14 ಕೇಳಿದೆ. ಗೆಳೆಯರ ಹತ್ತಿರ ಹೇಳಿದರೆ "ಅದು ಓದು ಅಲ್ಲ, ಕೇಳಿದ್ದು" ಅಂತಾರೆ. ಇಲ್ಲಿ ಬರೆಯಲೂ ಸಂಕೋಚ ಆಯಿತು. ಕೇಳಿದ್ದನ್ನು ಓದಿದ ಲೆಕ್ಕಕ್ಕೆ ಹಿಡಿಯಬಹುದಾ?

ಹಳೇಪುಟ

@ರಾತ್ರಿಪಾಳಿ, ಖಂಡಿತ ಹಿಡಿಯಬಹುದು! ಸಂಕೋಚ ಯಾಕಪ್ಪಾ? ಗದುಗಿನ ಭಾರತವನ್ನು ನಮ್ಮ ಹಿರಿಯರಲ್ಲಿ ಎಷ್ಟು ಜನ ಕಣ್ಣಲ್ಲಿ ಓದಿದ್ದರು ಹೇಳಿ. ಗಮಕಿಗಳು ಹಾಡುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಊರು ಕೇಳುತ್ತಿತ್ತು. ಅಕ್ಷರ ಬಾರದವರ ಬಾಯಲ್ಲೂ ಕುಮಾರವ್ಯಾಸನ ಸಾಲು ಇರುತ್ತಿತ್ತು. ಅವರಿಗೆ ಭಾರತ ಗೊತ್ತಿಲ್ಲ ಅಂತ ಯಾರಾದರೂ ಅನ್ನುತ್ತಿದ್ದರಾ?

ಕೆಲವು ಪುಸ್ತಕ ಕೇಳಿದರೇ ಚೆನ್ನ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ನನಗೆ ಕಣ್ಣಿಗೆ ಕಷ್ಟವಾಗಿತ್ತು. ನಂಜನಗೂಡು ಕಡೆಯ ಆ ಮಾತು ಅಕ್ಷರದಲ್ಲಿ ನೋಡಿದರೆ ತಡೆಯುತ್ತಿತ್ತು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಜೋರಾಗಿ ಓದಿದೆ. ರಾತ್ರಿ ಮನೆಮನೆಯ ದೀಪಗಳು, ಅಂದರೆ ಜೋತಮ್ಮಗಳು, ಸೇರಿ ಮಾತಾಡುತ್ತವಲ್ಲ, ಆ ಭಾಗ. ಕಿವಿಗೆ ಬಿದ್ದ ಕೂಡಲೇ ಎಲ್ಲ ಬಿಡಿಸಿಕೊಂಡಿತು. 'ಒಡಲಾಳ'ವನ್ನೂ ಹಾಗೇ ಓದಿದೆ. ಕಳೆದುಹೋದ ಹುಂಜಕ್ಕಾಗಿ ಸಾಕವ್ವ ಬೈಯುವುದು, ರಾತ್ರಿ ಬೆಂಕಿಯ ಸುತ್ತ ಕೂತು ಇಡೀ ಮನೆ ಕಡಲೆಕಾಯಿ ತಿನ್ನುವುದು. ಆ ಸಿಪ್ಪೆ ಮುರಿಯುವ ಸದ್ದು ನನಗೆ ನಿಜವಾಗಲೂ ಕೇಳಿಸಿತು.

ತೋಟದ ಮನೆ

ನಮ್ಮ ಮನೆಯಲ್ಲಿ ತೇಜಸ್ವಿಯವರ 'ಕರ್ವಾಲೋ'. ಎಂಟನೇ ಕ್ಲಾಸಿನ ಮಗನಿಗೆ ಓದಿ ಹೇಳಿದೆ. ಜೇನುತುಪ್ಪ ಕೊಳ್ಳಲು ಹೋದಲ್ಲಿ ಶುರುವಾಗುವ ಕತೆ ಎಲ್ಲೆಲ್ಲಿಗೋ ಹೋಗುತ್ತದಲ್ಲ, ಅವನು ಬಿಡಲೇ ಇಲ್ಲ. ಮಂದಣ್ಣ, ಕಿವಿ ಅನ್ನುವ ನಾಯಿ, ಪ್ಯಾರ, ಬಿರಿಯಾನಿ ಕರಿಯಪ್ಪ ಎಲ್ಲರೂ ಈಗ ಅವನ ಸ್ನೇಹಿತರು. ಮುಗಿದ ಮೇಲೆ "ಅಪ್ಪಾ, ಹಾರುವ ಓತಿ ನಿಜವಾಗಲೂ ಇದೆಯಾ?" ಅಂತ ಕೇಳಿದ.

ಇದೆ! ನಮ್ಮ ಅಡಿಕೆ ತೋಟದಲ್ಲೇ ಇದೆ. ನಾವಿರುವುದು ಶಿರಸಿ ಕಡೆ. ಕಾಂಡದ ಮೇಲೆ ಕೂತರೆ ಮರದ ತೊಗಟೆಯೂ ಅದೂ ಒಂದೇ ಬಣ್ಣ. ಗಂಡು ಗಂಟಲ ಕೆಳಗಿನ ಹಳದಿ ಚರ್ಮ ಚಾಚಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಪಕ್ಕೆಲುಬನ್ನು ಅಗಲಿಸಿ ಚರ್ಮದ ಪೊರೆ ಬಿಚ್ಚಿಕೊಂಡು ಈ ಮರದಿಂದ ಆ ಮರಕ್ಕೆ ತೇಲುತ್ತದೆ. ಮಗನೂ ನಾನೂ ಎರಡು ಬೆಳಿಗ್ಗೆ ಕಾದೆವು. ಮೂರನೇ ಬೆಳಿಗ್ಗೆ ಬಿಸಿಲೇರಿದ ಮೇಲೆ ಒಂದು ಹಾರಿತು. ಅವನು ಕೂಗಲಿಲ್ಲ, ನನ್ನ ಕೈ ಹಿಡಿದುಕೊಂಡ. ಬೆರಳು ತಣ್ಣಗಿತ್ತು.

ನಾನು ಕಾಲೇಜಿನಲ್ಲಿ ಓದಿದಾಗ ಇದು ನಗಿಸುವ ಪುಸ್ತಕ ಅಂತಷ್ಟೇ ನೆನಪಿಟ್ಟುಕೊಂಡಿದ್ದೆ. ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಗೆ ಹಾರಿಹೋಗುವಾಗ ಆಗುವ ಆ ಖಾಲಿತನ, ಅದೇ ಹೊತ್ತಿಗೆ ಆಗುವ ಸಮಾಧಾನ, ಈ ಸಲ ತಿಳಿಯಿತು.

ಅಟ್ಟದ ಓದು

ಹಳೇಪುಟ ಮೇಡಂ, ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಧಾರವಾಡದವನು, ಪುಸ್ತಕದಂಗಡಿಯಲ್ಲಿ ಕೆಲಸ ಮಾಡಿದವನು. ಒಂದು ವರ್ಷ ಹೊಸ ಪುಸ್ತಕ ತರುವುದಿಲ್ಲ ಅನ್ನುವ ಮಾತು ಕೇಳಿ ಕರುಳು ಚುರ್ ಅಂತು.

ಕನ್ನಡದಲ್ಲಿ ಹೊಸ ಪುಸ್ತಕವೊಂದನ್ನು ಸಾಮಾನ್ಯವಾಗಿ ಸಾವಿರ ಪ್ರತಿ ಹಾಕುತ್ತಿದ್ದರು. ಈಗ ಎಷ್ಟೋ ಜನ ಅದಕ್ಕೂ ಕಡಿಮೆ ಹಾಕುತ್ತಾರೆ. ಆ ಸಾವಿರ ಖಾಲಿಯಾಗಲಿಕ್ಕೆ ವರ್ಷಗಳೇ ಬೇಕು. ಬಂಡಲ್ ಕಟ್ಟಿದ ದಾರ ಬಿಚ್ಚದೇ ಮೂಲೆಯಲ್ಲಿ ಕೂತ ಮೊದಲ ಕಥಾಸಂಕಲನಗಳನ್ನು ನಾನು ಕೈಯಾರೆ ಒರೆಸಿ ಇಟ್ಟಿದ್ದೇನೆ. ಬರೆದವರು ತಿಂಗಳಿಗೊಮ್ಮೆ ಬಂದು "ಹೋಯ್ತೇನ್ರೀ?" ಅಂತ ಮೆಲ್ಲಗೆ ಕೇಳಿ ಹೋಗುತ್ತಿದ್ದರು.

ನಮ್ಮ ಕಡೆ ಓದುಗರನ್ನು ಕಟ್ಟಿದ ಕತೆ ನಿಮಗೂ ಗೊತ್ತಿರಬೇಕು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಚಂದಾದಾರರು ಮೊದಲೇ ದುಡ್ಡು ಕಟ್ಟುತ್ತಿದ್ದರು, ಪುಸ್ತಕ ಆಮೇಲೆ ಬರುತ್ತಿತ್ತು. ಯಾವ ಪುಸ್ತಕ ಅಂತ ನೋಡದೇ ನಂಬಿ ಕೊಟ್ಟ ದುಡ್ಡು ಅದು. ಸುಭಾಸ ರಸ್ತೆಯಲ್ಲಿ ಗ್ರಂಥಮಾಲೆಯ ಆ ಅಟ್ಟ ಹತ್ತಿ ಇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಅನುವಾದಿಸಿದ ಆ 12 ಕತೆಗಳು 1990ರಿಂದ 2023ರವರೆಗೆ ಬರೆದವು. ಅಷ್ಟು ವರ್ಷ ಆ ಕತೆಗಳನ್ನು ಕನ್ನಡದಲ್ಲೇ ಯಾರೋ ಕೊಂಡು ಓದುತ್ತಿದ್ದರು. ಇವತ್ತು ಬರೆಯುತ್ತಿರುವ ಹುಡುಗ ಹುಡುಗಿಯರಿಗೂ ಅಂಥ ಮೊದಲ ಓದುಗರು ಬೇಕಲ್ಲ? ಕಾರಂತರನ್ನು ಓದಲು ಮುಂದೆಯೂ ಜನ ಬರುತ್ತಾರೆ ಬಿಡಿ. ಇವರಿಗೆ ನಾವಲ್ಲದೇ ಯಾರು?

ಹಳೇಪುಟ

ಬೇಜಾರಿಲ್ಲ ಸರ್. ನಿಮ್ಮ ಮಾತು ಎರಡು ದಿನ ತಲೆಯಲ್ಲಿ ಓಡುತ್ತಿತ್ತು, ಅದಕ್ಕೇ ಉತ್ತರ ತಡವಾಯಿತು.

ನೀವು ಹೇಳಿದ್ದು ಸರಿ. ಹಳೆಯದರ ಮೇಲಿನ ಆಸೆಯಲ್ಲಿ ಈ ಕಡೆ ಯೋಚನೆ ಹೋಗಿರಲಿಲ್ಲ. ಆದರೆ ಒಂದು ಮಾತು ನನ್ನದೂ ಇದೆ. ಹೋದ ವರ್ಷ ನಾನು 30ಕ್ಕೂ ಜಾಸ್ತಿ ಹೊಸ ಪುಸ್ತಕ ಕೊಂಡಿದ್ದೆ. ಅವನ್ನು ಬೇಗ ಬೇಗ ಮುಗಿಸಿ ಪಟ್ಟಿಗೆ ಸೇರಿಸಿದೆ. ಅದರಲ್ಲಿ ಎಷ್ಟು ನೆನಪಿದೆ ಅಂತ ಈಗ ಕೇಳಿದರೆ ನಾಚಿಕೆಯಾಗುತ್ತದೆ. ಹೊಸ ಲೇಖಕರಿಗೂ ನಾನು ನ್ಯಾಯ ಮಾಡಲಿಲ್ಲ. ಕೊಂಡೆ ಅಷ್ಟೇ. ಮತ್ತೆ ಓದಿದ ಮೇಲೆಯೇ ನಿಧಾನವಾಗಿ ಓದುವುದು ಹೇಗೆ ಅಂತ ನನಗೆ ಮರಳಿ ಬಂದಿದ್ದು. ಆ ನಿಧಾನವನ್ನು ಈಗ ಹೊಸಬರ ಪುಸ್ತಕಕ್ಕೂ ಕೊಡಬಹುದು.

ಹೀಗೆ ಮಾಡುತ್ತೇನೆ. ಒಂದು ಹಳೆಯದು, ಅದರ ಬೆನ್ನಿಗೆ ಒಂದು ಹೊಸದು. ಹೊಸದನ್ನು ದುಡ್ಡು ಕೊಟ್ಟೇ ಕೊಳ್ಳುತ್ತೇನೆ. ಯಾರದ್ದಾದರೂ ಮೊದಲ ಪುಸ್ತಕ ನೀವೇ ಹೇಳಿ, ಜನವರಿಯಲ್ಲಿ ತರಿಸುತ್ತೇನೆ.

ಅಟ್ಟದ ಓದು

ಒಂದಲ್ಲ, ಐದು ಹೆಸರು ಕಳಿಸುತ್ತೇನೆ. ತುಂಬಾ ಸಂತೋಷ.

ಲೋಕಲ್ ಓದುಗ

ಮುಂಬೈಯಿಂದ ಬರೆಯುತ್ತಿದ್ದೇನೆ. ಡೊಂಬಿವಿಲಿಯಿಂದ ದಿನಾ ಒಂದು ಗಂಟೆಗೂ ಜಾಸ್ತಿ ಲೋಕಲ್ ರೈಲಿನಲ್ಲಿ. ಸೀಟು ಸಿಗುವುದಿಲ್ಲ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈಯಲ್ಲಿ ಪುಸ್ತಕ, ಹೆಬ್ಬೆರಳಿನಿಂದ ಪುಟ ತಿರುವಬೇಕು. ಹಾಗಾಗಿ ದಪ್ಪ ಪುಸ್ತಕ ನನ್ನಿಂದ ಆಗುವುದಿಲ್ಲ. ಆದರೂ ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಈ ರೈಲಿನಲ್ಲೇ ಮೂರು ಸಲ ಓದಿದ್ದೇನೆ.

ಮೊದಲ ಸಲ ಅದರಲ್ಲಿನ ಮುಂಬೈಗಾಗಿ ಓದಿದೆ. ನಾನು ದಿನಾ ನೋಡುವ ಊರು ಕನ್ನಡದಲ್ಲಿ ಇದೆಯಲ್ಲ ಅನ್ನುವ ಹೆಮ್ಮೆ. ಎರಡನೇ ಸಲ ಓದಿದಾಗ ಕಾರಣ ಬೇರೆ. ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ನನ್ನ ಮೇಲೆ ವಿಚಾರಣೆ ಶುರುವಾಯಿತು. ಮಾಡದ ತಪ್ಪು. ಜೊತೆಗೆ ಊಟ ಮಾಡುತ್ತಿದ್ದವರು ಲಿಫ್ಟಿನಲ್ಲಿ ಮುಖ ತಿರುಗಿಸಿಕೊಂಡರು. ಆ ನಾಲ್ಕು ತಿಂಗಳು 'ಶಿಕಾರಿ'ಯ ನಾಗಪ್ಪ ಒಬ್ಬನೇ ನನಗೆ ಜೊತೆ. ಅವನನ್ನೂ ಕಂಪನಿ ಹಾಗೇ ಕೆಲಸದಿಂದ ದೂರ ಇಡುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಯಾರು ಬಲೆ ಹಾಕುತ್ತಿದ್ದಾರೆ ಅಂತ ಅವನು ಯೋಚಿಸಿ ಯೋಚಿಸಿ ಒದ್ದಾಡುವ ಪುಟಗಳು ಮೊದಲ ಸಲ ಉದ್ದವಾಯಿತು ಅನಿಸಿದ್ದವು. ಎರಡನೇ ಸಲ ಒಂದು ಸಾಲೂ ಜಾಸ್ತಿ ಅನಿಸಲಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಕೂತವನ ತಲೆ ಓಡುವುದು ಹಾಗೇ.

ವಿಚಾರಣೆ ನನ್ನ ಪರವಾಗಿ ಮುಗಿಯಿತು. ಮೂರನೇ ಸಲ ಓದಿದ್ದು ಅದಾಗಿ ಐದು ವರ್ಷಕ್ಕೆ. ಆಗ ಕಂಡಿದ್ದು ಹನೇಹಳ್ಳಿ. ಅಷ್ಟು ಕಷ್ಟದಲ್ಲೂ ಅವನ ಮನಸ್ಸು ಊರಿಗೆ, ಚಿಕ್ಕಂದಿಗೆ ಓಡಿ ಓಡಿ ಹೋಗುತ್ತದೆ.

ಇಲ್ಲಿ ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ, 1926ರಲ್ಲಿ ಶುರುವಾದದ್ದು. ಮುಂಬೈ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಮ್ಮೆ ಅಲ್ಲಿ ಸೇರೋಣ. ಬರುವಾಗ ನಿಮ್ಮ ಹಳೆಯ ಪ್ರತಿ ತನ್ನಿ.

ಹೋಬಳಿ ಹುಡುಗಿ

ನನ್ನದು ಮರುಓದು ಅಲ್ಲ, ಮುಗಿಯದ ಓದು ಅನ್ನಬಹುದು.

ನಮ್ಮೂರಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಒಂದು ಸಣ್ಣ ಅಂಗಡಿ ಇತ್ತು. ದಿನಕ್ಕೆ 50 ಪೈಸೆ. ಅಕ್ಕ, ನಾನು, ಪಕ್ಕದ ಮನೆಯವರು ಸೇರಿ ಒಂದು ತಂದು ಮೂರು ಮನೆ ಓದುತ್ತಿದ್ದೆವು. ಸಾರಿಗೆ ಬೇಳೆ ಬೇಯಲು ಇಟ್ಟು ಓದಿ, ಬೇಳೆ ತಳ ಹಿಡಿದು ಬೈಸಿಕೊಂಡಿದ್ದೂ ಇದೆ. ತ್ರಿವೇಣಿಯವರ 'ಬೆಕ್ಕಿನ ಕಣ್ಣು' ತಂದೆವು. ಕೊನೆಯ ಹಾಳೆಗಳೇ ಇರಲಿಲ್ಲ! ಯಾರೋ ಕಿತ್ತಿದ್ದರು. ಅಂಗಡಿಯವರು ಇನ್ನೊಂದು ಪ್ರತಿ ಇಲ್ಲ ಅಂದರು. ಅಕ್ಕ ಒಂದು ಕೊನೆ ಕಟ್ಟಿದಳು, ನಾನು ಇನ್ನೊಂದು. ರಾತ್ರಿ ಚಾಪೆಯ ಮೇಲೆ ಮಲಗಿ ಯಾರದು ಸರಿ ಅಂತ ಜಗಳ.

20 ವರ್ಷದ ಮೇಲೆ ಮೈಸೂರಿನಲ್ಲಿ ಪೂರ್ತಿ ಪ್ರತಿ ಸಿಕ್ಕಿತು. ಅಂಗಡಿಯಲ್ಲೇ ನಿಂತು ಕೊನೆಯ ಪುಟಗಳನ್ನು ಓದಿ ಅಕ್ಕನಿಗೆ ಫೋನ್ ಮಾಡಿದೆ. ಇಬ್ಬರದೂ ತಪ್ಪಾಗಿತ್ತು.

ಆಗ ತ್ರಿವೇಣಿಯವರ ಬಗ್ಗೆ ಏನೂ ಗೊತ್ತಿರಲಿಲ್ಲ. 1963ರಲ್ಲಿ ತೀರಿಕೊಂಡಾಗ ಅವರಿಗೆ 34 ವರ್ಷ. ಮನಸ್ಸಿನ ಕಾಯಿಲೆಯನ್ನು ಹುಚ್ಚು ಅಂತ ತಳ್ಳಿಬಿಡುತ್ತಿದ್ದ ಕಾಲದಲ್ಲಿ ಅಷ್ಟು ಮಮತೆಯಿಂದ ಬರೆದರು. ಈಗ ನನಗೆ ಅವರಿಗಿಂತ ಜಾಸ್ತಿ ವಯಸ್ಸು. ಅವರನ್ನು ತಂಗಿ ಅಂತ ನೆನೆಯಬೇಕಾ, ಅಕ್ಕ ಅಂತಲಾ, ತಿಳಿಯುವುದಿಲ್ಲ.

ಇನ್ನೊಂದು ಮಾತು. ನಾವೆಲ್ಲ ಆಸ್ತಿ ತೆರಿಗೆ ಜೊತೆ 6% ಗ್ರಂಥಾಲಯ ಕರ ಕಟ್ಟುತ್ತೇವೆ. ಆದರೆ ನಮ್ಮ ಹತ್ತಿರದ ಶಾಖೆಯಲ್ಲಿ ಹಳೆಯ ಕಾದಂಬರಿಗಳ ಬೈಂಡ್ ಹರಿದು ಹಾಳೆ ಉದುರುತ್ತಿವೆ. ಹರಿದ ಪ್ರತಿ ಕಂಡರೆ ಸುಮ್ಮನೆ ವಾಪಸ್ ಇಡಬೇಡಿ. ಕೇಳಿ, ಅರ್ಜಿ ಬರೆದು ಕೊಡಿ. ನಾನು ಬರೆದುಕೊಟ್ಟ ಮೇಲೆ ಎರಡು ಪುಸ್ತಕ ಹೊಸದಾಗಿ ಬಂದವು.

ತೋಟದ ಮನೆ

@ಹಳೇಪುಟ, ಮೊದಲ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಆ ಹೇರ್‌ಪಿನ್ ಯಾಕೆ ಸಿಕ್ಕಿಸಿದರು ಅಂತ ಅಮ್ಮನನ್ನು ಯಾವತ್ತಾದರೂ ಕೇಳಿದ್ದೀರಾ?

ಹಳೇಪುಟ

ಕೇಳಿರಲಿಲ್ಲ. ನಂಜಮ್ಮ ಪ್ಲೇಗಿನಲ್ಲಿ ಪಾರ್ವತಿ, ರಾಮಣ್ಣ ಇಬ್ಬರನ್ನೂ ಕಳೆದುಕೊಳ್ಳುವ ಪುಟಗಳು ಅವು. ಅಮ್ಮನಿಗೆ ಓದಲಾಗದೆ ಸಿಕ್ಕಿಸಿದ್ದಾರೆ ಅಂತ ನಾನೇ ಅಂದುಕೊಂಡಿದ್ದೆ. ನೀವು ಕೇಳಿದ ಮೇಲೆ ಈ ಭಾನುವಾರ ತಿಪಟೂರಿಗೆ ಹೋದೆ, ಪುಸ್ತಕ ತಗೊಂಡೇ ಹೋದೆ.

ಅಮ್ಮನಿಗೆ 78. ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಿನ್ನು ತೋರಿಸಿ ಕೇಳಿದೆ. "ಅದು ನನ್ನದಲ್ಲ, ನಿಮ್ಮಜ್ಜಿದು" ಅಂದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅಮ್ಮ ತವರಿಗೆ ಬಂದಾಗ ಮಧ್ಯಾಹ್ನ ಅಜ್ಜಿಗೆ ಈ ಪುಸ್ತಕ ಓದಿ ಹೇಳುತ್ತಿದ್ದರಂತೆ. ನಂಜಮ್ಮ ಮುತ್ತುಗದ ಎಲೆ ಹಚ್ಚುವುದು, ಗಂಡನ ಶ್ಯಾನುಭೋಗಿಕೆಯ ಲೆಕ್ಕ ತಾನೇ ಬರೆಯುವುದು ಎಲ್ಲ ಕೇಳಿ ಅಜ್ಜಿ "ಇವಳು ಯಾವ ಊರೋಳೇ? ನೋಡ್ದಂಗೈತಲ್ಲ" ಅನ್ನುತ್ತಿದ್ದರಂತೆ. ಊರಲ್ಲಿ ಇಲಿ ಬಿದ್ದು, ಎಲ್ಲರೂ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕುವ ಭಾಗ ಬಂದಾಗ ಅಜ್ಜಿ ಎದ್ದು ಒಳಗೆ ಹೋದರು. ಮಾರನೇ ದಿನ ಬಂದು, ತಲೆಯಿಂದ ಪಿನ್ನು ತೆಗೆದು ಕೊಟ್ಟು, "ಆ ಮಕ್ಕಳು ಹೋಗೋದು ಎಷ್ಟು ಹಾಳೆ ಐತೆ ನೋಡಿ ಇದನ್ನ ಸಿಕ್ಸು. ಮುಂದಕ್ಕೆ ಓದು" ಅಂದರಂತೆ.

ಅಮ್ಮ ಹುಟ್ಟುವ ಮೊದಲು ಅಜ್ಜಿಗೆ ಇನ್ನಿಬ್ಬರು ಮಕ್ಕಳಿದ್ದರು. ಒಂದೇ ವಾರದಲ್ಲಿ ಹೋದರು. ಇದು ನನಗೆ ಈ ಭಾನುವಾರದವರೆಗೆ ಗೊತ್ತೇ ಇರಲಿಲ್ಲ. ಅಮ್ಮನಿಗೂ ಅವತ್ತೇ ಗೊತ್ತಾಗಿದ್ದಂತೆ.

ಸಂಜೆ ಅಮ್ಮನಿಗೆ ಓದಿ ಹೇಳಲು ಶುರು ಮಾಡಿದೆ, ಮೊದಲ ಪುಟದಿಂದ. ಗಂಗಮ್ಮನ ಬೈಗುಳ ಬಂದಾಗ ಅಮ್ಮ ನನಗಿಂತ ಮೊದಲೇ ಮುಂದಿನ ಸಾಲು ಹೇಳಿ ನಗುತ್ತಿದ್ದರು. 40 ಪುಟ ಆಯಿತು. ಇನ್ನು ತಿಂಗಳಿಗೆರಡು ಭಾನುವಾರ ಹೋಗುತ್ತೇನೆ. @ರಾತ್ರಿಪಾಳಿ, ಕೇಳಿದ್ದು ಲೆಕ್ಕಕ್ಕೆ ಬರುತ್ತಾ ಅಂತ ಕೇಳಿದ್ದೆಯಲ್ಲ. ನಮ್ಮಜ್ಜಿ ಕೇಳಿದ್ದು ಹಾಗೆ.

ರಾತ್ರಿಪಾಳಿ

ಅಕ್ಕ, ಬಸ್ಸಿನಲ್ಲಿ ಓದಿದೆ. ಇಳಿಯುವ ಸ್ಟಾಪ್ ದಾಟಿಹೋಯಿತು.

ತುಂಗೆಯ ದಡ

ಪಿನ್ನು ತೆಗೆದು ಅಂಟು ಹಾಕಿಸಬೇಡಿ ಮೇಡಂ. ಆದರೆ ತುಕ್ಕು ಹಾಳೆಯನ್ನು ತಿನ್ನುತ್ತದೆ. ಪಿನ್ನಿಗೂ ಹಾಳೆಗೂ ನಡುವೆ ಒಂದು ತೆಳ್ಳಗಿನ ಬಿಳಿ ಕಾಗದದ ಪಟ್ಟಿ ಇಡಿ. ನಮ್ಮ ತಂದೆಯ ಪುಸ್ತಕಗಳಿಗೆ ನಾನು ಹಾಗೇ ಮಾಡಿದ್ದೇನೆ. ನುಸಿ ಬಾರದಿರಲು ಕಪಾಟಿನ ಮೂಲೆಯಲ್ಲಿ ಒಣಗಿದ ಬೇವಿನ ಸೊಪ್ಪು ಇಟ್ಟು ಆರು ತಿಂಗಳಿಗೊಮ್ಮೆ ಬದಲಾಯಿಸಿ.

@ರಾತ್ರಿಪಾಳಿ, 'ಮದುಮಗಳು' ಕೇಳಲು ಶುರು ಮಾಡುವುದಾದರೆ ಹೇಳು, ನನ್ನ ಡ್ರಾಯಿಂಗ್ ಶೀಟಿನ ಫೋಟೊ ಕಳಿಸುತ್ತೇನೆ. ಬೆಟ್ಟಳ್ಳಿ ಇರುವ ಮೂಲೆಯಲ್ಲಿ ಚಹಾ ಚೆಲ್ಲಿದೆ, ಅಲ್ಲಿ ಹೆಸರು ಸ್ವಲ್ಪ ಮಸುಕು.